ಬಿ. ಆರ್. ಶೆಣೈ ಅವರ ಭಿನ್ನಮತದ ಟಿಪ್ಪಣಿ: ಪಿಯು ಮಕ್ಕಳಿಗೆ ಹೇಗೆ ಪಾಠ ಮಾಡೋದು?

ಹಾಸನದ ಮೇಷ್ಟ್ರು

ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡ್ತೀನಿ. 1950ರಿಂದ 1990ರವರೆಗಿನ ಅಧ್ಯಾಯ ನಡೀತಿದೆ. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಯ ರೂವಾರಿ ಮಹಾಲನೋಬಿಸ್ ಬಗ್ಗೆ ಪ್ರತ್ಯೇಕ ಚೌಕವೇ ಇದೆ. ಆ ಯೋಜನೆ, ಭಾರಿ ಕೈಗಾರಿಕೆ, ಭಿಲಾಯಿ, ರೂರ್ಕೆಲಾ, ದುರ್ಗಾಪುರದ ಉಕ್ಕಿನ ಕಾರ್ಖಾನೆ ಎಲ್ಲ ಹೇಳಿ ಮುಗಿಸಿದೆ. ಒಬ್ಬಳು ಹುಡುಗಿ ಎದ್ದು ನಿಂತು, "ಸರ್, ಇಷ್ಟು ದೊಡ್ಡ ಯೋಜನೆಗೆ ದುಡ್ಡು ಎಲ್ಲಿಂದ ಬರುತ್ತೆ ಅಂತ ಆಗ ಯಾರೂ ಕೇಳಲಿಲ್ವಾ?" ಅಂದಳು.

ಕೇಳಿದವರಿದ್ದರು. 1955ರಲ್ಲಿ ಸರ್ಕಾರ ಎರಡನೇ ಯೋಜನೆಯ ಚೌಕಟ್ಟನ್ನು ಪರಿಶೀಲಿಸಲು ಅರ್ಥಶಾಸ್ತ್ರಜ್ಞರ ಸಮಿತಿ ಕೂರಿಸಿತ್ತು. ಘಟಾನುಘಟಿಗಳೆಲ್ಲ ಒಪ್ಪಿದರು. ಗುಜರಾತ್ ವಿಶ್ವವಿದ್ಯಾಲಯದ ಪ್ರೊಫೆಸರ್ ಬಿ. ಆರ್. ಶೆಣೈ ಒಬ್ಬರೇ ಭಿನ್ನಮತದ ಟಿಪ್ಪಣಿ ಬರೆದುಕೊಟ್ಟರು. ಅವರ ವಾದದ ಸರಪಳಿ ಹೀಗೆ: ದೇಶದ ಜನ ಉಳಿಸುವ ದುಡ್ಡಿಗಿಂತ ಯೋಜನೆ ದೊಡ್ಡದು, ಆ ಅಂತರವನ್ನು ನೋಟು ಮುದ್ರಿಸಿ ತುಂಬಿದರೆ ಬೆಲೆ ಏರುತ್ತೆ, ವಿದೇಶಿ ವಿನಿಮಯ ಕರಗುತ್ತೆ, ಅದನ್ನು ತಡೆಯೋಕೆ ನಿಯಂತ್ರಣ ಬರುತ್ತೆ, ನಿಯಂತ್ರಣ ಹೆಚ್ಚಾದಂತೆ ಜನರ ಸ್ವಾತಂತ್ರ್ಯ ಕುಗ್ಗುತ್ತೆ. ಕೊನೆಗೆ ಯೋಜನೆಯಲ್ಲಿ ಸಾರ್ವಜನಿಕ ವೆಚ್ಚ 4,800 ಕೋಟಿ ರೂಪಾಯಿ ಅಂತ ಇಟ್ಟರು. ಅದರಲ್ಲಿ 1,200 ಕೋಟಿ ಕೊರತೆ ಹಣಕಾಸು, ಅಂದರೆ ನೋಟು ಮುದ್ರಿಸಿ ತುಂಬೋ ಹಣ. ಕಾಲು ಭಾಗ! ಇದನ್ನು ಬೋರ್ಡ್ ಮೇಲೆ ಬರೆದಾಗ ಮಕ್ಕಳ ಕಣ್ಣು ಅರಳಿತು.

ಈಗ ಒಂದು ಪೂರ್ತಿ ಪೀರಿಯಡ್ ಶೆಣೈ ಅವರಿಗೇ ಕೊಡಬೇಕು ಅಂದುಕೊಂಡಿದ್ದೀನಿ. ಆದರೆ ಒಂದು ಪಕ್ಷದ ಭಾಷಣ ಆಗಬಾರದು. ಆರ್ಥಿಕ ಸ್ವಾತಂತ್ರ್ಯ ಅನ್ನೋದನ್ನ ಈಗ ಅಂಕಿಗಳಲ್ಲಿ ಅಳೀತಾರಲ್ಲ, ಅದನ್ನೂ ಸೇರಿಸಬಹುದಾ? ಪಾಠ ಮಾಡಿದ ಅನುಭವ ಇರೋರು ಹೇಳಿ.

ಪ್ರಶ್ನೆಪತ್ರಿಕೆ

ಸರ್, ಪರೀಕ್ಷೆಗೆ ಬರಲ್ಲ. ಪೋರ್ಷನ್ ಮುಗಿಸಿ ಮೊದಲು.

ಹಾಸನದ ಮೇಷ್ಟ್ರು

ಪೋರ್ಷನ್ ಮುಗಿಯುತ್ತೆ. ಪ್ರಶ್ನೆ ಕೇಳಿದ ಹುಡುಗಿಗೆ ಉತ್ತರ ಕೊಡದೆ ಮುಂದಕ್ಕೆ ಹೋಗೋದು ಹೇಗೆ?

ಕುಡ್ಲದ ಕಾಮತ್

ಮಾರಾಯ್ರೆ, ಶೆಣೈಯವರು ನಮ್ಮ ಕಡೆಯವರೇ ಅಂತ ಎಷ್ಟು ಜನಕ್ಕೆ ಗೊತ್ತುಂಟು? 1905ರಲ್ಲಿ ಬೆಳ್ಳಿಕೋತ್‌ನಲ್ಲಿ ಹುಟ್ಟಿದ್ದು. ಆಗ ಅದು ದಕ್ಷಿಣ ಕನ್ನಡ ಜಿಲ್ಲೆ, ಈಗ ಕಾಸರಗೋಡು. ಬನಾರಸ್‌ನಲ್ಲಿ ಓದಿ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ಗೆ ಹೋದರು. ಅಲ್ಲಿ ಮುಕ್ತ ಮಾರುಕಟ್ಟೆಯ ಪರ ವಾದಿಸಿದ ಅರ್ಥಶಾಸ್ತ್ರಜ್ಞ ಹಯೆಕ್ ಅವರ ಉಪನ್ಯಾಸ ಕೇಳಿದ ಮೇಲೆ ಅವರ ಯೋಚನೆಯ ದಿಕ್ಕೇ ಬದಲಾಯಿತು. 1930ರ ದಶಕದ ಶುರುವಿನಲ್ಲೇ ಬ್ರಿಟನ್ನಿನ ಹೆಸರಾಂತ ಅರ್ಥಶಾಸ್ತ್ರಜ್ಞ ಕೇನ್ಸ್ ಅವರ ಸಮೀಕರಣಗಳನ್ನು ವಿಮರ್ಶಿಸಿ ಕ್ವಾರ್ಟರ್ಲಿ ಜರ್ನಲ್ ಆಫ್ ಇಕನಾಮಿಕ್ಸ್‌ನಲ್ಲಿ ಬರೆದರು. ಆ ಪ್ರಾಯಕ್ಕೆ ಅದೇನು ಸಣ್ಣ ಸಂಗತಿಯಾ?

ಮತ್ತೆ ಸಿಲೋನಿನಲ್ಲಿ ಪಾಠ ಮಾಡಿದರು, ರಿಸರ್ವ್ ಬ್ಯಾಂಕಿನಲ್ಲಿ ಇದ್ದರು. ಹಣ ಹೇಗೆ ಹುಟ್ತದೆ ಅಂತ ಒಳಗಿಂದ ನೋಡಿದ ಮನುಷ್ಯ. ಸುಮ್ಮನೆ ಸಿದ್ಧಾಂತ ಹೇಳಿದ್ದಲ್ಲ. ನಮ್ಮ ಊರಿನಲ್ಲಿ ಬ್ಯಾಂಕು ಕಟ್ಟಿದವರ ಹೆಸರೆಲ್ಲ ಬಾಯಿಪಾಠ ಉಂಟು, ಇವರ ಹೆಸರು ಕೇಳಿದರೆ ಯಾರು ಅಂತ ಕೇಳ್ತಾರೆ. ಬೇಜಾರಾಗ್ತದೆ.

ಜಾಲಹಳ್ಳಿ ಹುಡುಗಿ

ಮೇಷ್ಟ್ರೇ, ಪಾಠ ಮಾಡಿ, ಬೇಡ ಅನ್ನಲ್ಲ. ಆದರೆ ಬೆಂಗಳೂರಿನ ಕಥೆ ಬಿಟ್ಟು ಮಾಡಬೇಡಿ. ನಮ್ಮಪ್ಪ ಎಚ್‌ಎಂಟಿ ನೌಕರ. ಟೆಲಿಫೋನ್ ಮಾಡುವ ಐಟಿಐ 1948, ಎಚ್‌ಎಂಟಿ 1953, ಬಿಇಎಲ್ 1954. ಈ ಕಾರ್ಖಾನೆಗಳು ಬರದೇ ಇದ್ದಿದ್ದರೆ ಲೇತ್ ಹಿಡಿಯೋಕೆ, ಡ್ರಾಯಿಂಗ್ ಓದೋಕೆ ಬರುವ ಅಷ್ಟು ಜನ ಈ ಊರಲ್ಲಿ ಎಲ್ಲಿರ್ತಿದ್ದರು? ಹಳ್ಳಿಯಿಂದ ಬಂದ ರೈತನ ಮಗನಿಗೆ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ ಸಿಕ್ಕಿತು. ನಾನು ಎಂಜಿನಿಯರ್ ಆಗಿದ್ದು ಆ ಶಾಲೆಯಿಂದ. ಆಮೇಲೆ ಬಂದ ಸಾಫ್ಟ್‌ವೇರ್ ಕಂಪನಿಗಳು ಬೆಂಗಳೂರನ್ನೇ ಆರಿಸಿಕೊಂಡದ್ದು ಹವಾಮಾನ ನೋಡಿ ಮಾತ್ರ ಅಲ್ಲ.

ಖಾಸಗಿಯವರು 1950ರಲ್ಲಿ ಮಷಿನ್ ಟೂಲ್‌ಗೆ ದುಡ್ಡು ಹಾಕ್ತಿದ್ದರಾ? ಶೆಣೈ ಅವರ ಟಿಪ್ಪಣಿಗೆ ಈ ಪ್ರಶ್ನೆಯನ್ನೂ ಹಾಕಿ.

ರಾಜಾಜಿನಗರ ರಮೇಶ

ಮೇಡಂ, ನಿಮ್ಮ ತಂದೆಯವರ ಕೆಲಸದ ಬಗ್ಗೆ ಗೌರವ ಇದೆ. ಆದರೆ ಆ ದುಡ್ಡು ಬೇರೆಲ್ಲೂ ಹೋಗದೆ ಸುಮ್ಮನೆ ಬಿದ್ದಿರುತ್ತಿತ್ತು ಅಂತ ಇಟ್ಟುಕೊಂಡರೆ ಮಾತ್ರ ನಿಮ್ಮ ಲೆಕ್ಕ ಸರಿ. ಶೆಣೈ ಕೇಳಿದ್ದೇ ಅದನ್ನ. ನೀರಾವರಿ, ಬಟ್ಟೆ, ಸಣ್ಣ ಉದ್ದಿಮೆಗೆ ಹೋಗಬೇಕಿದ್ದ ಉಳಿತಾಯವನ್ನು ಎಳೆದು ಉಕ್ಕಿಗೆ ಹಾಕಿದರೆ ನಷ್ಟ ಆಗಿದ್ದು ಕಣ್ಣಿಗೆ ಕಾಣಲ್ಲ. ಕಾರ್ಖಾನೆ ಮಾತ್ರ ಕಾಣುತ್ತೆ.

ಗಡಿಯಾರದ ವಿಷಯಕ್ಕೇ ಬನ್ನಿ. 1961ರಲ್ಲಿ ಜಪಾನಿನ ಸಿಟಿಜನ್ ಜತೆ ಎಚ್‌ಎಂಟಿ ವಾಚ್ ಶುರುವಾಯಿತು. ಎರಡು ದಶಕ ಎದುರಾಳಿಯೇ ಇಲ್ಲದ ಹಾಗೆ ನಡೀತು. 1980ರ ದಶಕದಲ್ಲಿ ಟೈಟಾನ್ ಬಂತು, ಕ್ವಾರ್ಟ್ಜ್ ತಂತು, ಆಮೇಲೆ ಏನಾಯ್ತು ಅಂತ ಎಲ್ಲರಿಗೂ ಗೊತ್ತು. ಸಾಫ್ಟ್‌ವೇರ್ ಅಂದಿರಿ. ಕಂಪ್ಯೂಟರ್ ಆಮದಿಗೆ, ಒಂದು ಫೋನ್ ಲೈನಿಗೆ ಎಷ್ಟು ಅಲೆಯಬೇಕಿತ್ತು ಅಂತ ನಾರಾಯಣ ಮೂರ್ತಿ ಎಷ್ಟೋ ಸಲ ಹೇಳಿದ್ದಾರೆ.

ಜಾಲಹಳ್ಳಿ ಹುಡುಗಿ

ಟೈಟಾನ್‌ನಲ್ಲಿ ಟಾಟಾ ಜತೆಗಿದ್ದ ಪಾಲುದಾರರು ಯಾರು? ತಮಿಳುನಾಡು ಸರ್ಕಾರದ ಟಿಡ್ಕೊ. ಸರ್ಕಾರ ಇಲ್ಲದೆ ಅದೂ ಇಲ್ಲ ರಮೇಶ್ ಅವರೇ.

ಮೈಸೂರು ಸುಮ

ಸೂಚ್ಯಂಕದ ಬಗ್ಗೆ ಮೇಷ್ಟ್ರು ಕೇಳಿದ್ದಕ್ಕೆ ಬರೀತಿದ್ದೀನಿ, ನನ್ನ ಸಂಶೋಧನೆಯೂ ಇದೇ ವಿಷಯದ ಹತ್ತಿರದ್ದು.

ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಗ್ವಾರ್ಟ್ನಿ ಅಂತ ಪ್ರೊಫೆಸರ್ ಇದ್ದರು. ಒಂದು ಕಡೆ ಕಾಲೇಜು ಮಕ್ಕಳಿಗೆ ಅರ್ಥಶಾಸ್ತ್ರದ ಪಠ್ಯಪುಸ್ತಕ ಬರೆದವರು, ಇನ್ನೊಂದು ಕಡೆ ಆರ್ಥಿಕ ಸ್ವಾತಂತ್ರ್ಯ ಅಳೆಯೋ ಕೆಲಸಕ್ಕೆ ಕೈಹಾಕಿದವರು. 1980ರ ದಶಕದಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್, ಫ್ರೇಸರ್ ಸಂಸ್ಥೆಯ ಮೈಕೆಲ್ ವಾಕರ್ ನಡೆಸಿದ ಸಭೆಗಳಲ್ಲಿ ಈ ಯೋಚನೆ ಬೆಳೆಯಿತು. 1996ರಲ್ಲಿ ಕೆನಡಾದ ಫ್ರೇಸರ್ ಇನ್‌ಸ್ಟಿಟ್ಯೂಟ್ ಮೊದಲ ವರದಿ ತಂದಿತು. ಸೊನ್ನೆಯಿಂದ 10ರವರೆಗೆ ಅಂಕ. ನೋಡೋದು ಐದು ಭಾಗ: ಸರ್ಕಾರದ ಗಾತ್ರ, ಕಾನೂನು ಮತ್ತು ಆಸ್ತಿ ಹಕ್ಕು, ಹಣದ ಸ್ಥಿರತೆ, ವಿದೇಶಿ ವ್ಯಾಪಾರದ ಸ್ವಾತಂತ್ರ್ಯ, ಸಾಲ–ಕಾರ್ಮಿಕ–ವ್ಯವಹಾರದ ಮೇಲಿನ ನಿಯಂತ್ರಣ.

ಶೆಣೈ ಅವರ ಟಿಪ್ಪಣಿ ಈ ಐದರಲ್ಲಿ ಕನಿಷ್ಠ ನಾಲ್ಕನ್ನು ಮುಟ್ಟುತ್ತೆ. ಅದು ಬಂದದ್ದು ಈ ಸೂಚ್ಯಂಕಕ್ಕಿಂತ 40 ವರ್ಷ ಮೊದಲು. ಪಾಠಕ್ಕೆ ಇದು ಒಳ್ಳೆ ಕೊಂಡಿ. 2014ರಲ್ಲಿ ಜೋಶುವಾ ಹಾಲ್ ಮತ್ತು ರಾಬರ್ಟ್ ಲಾಸನ್ ಈ ಸೂಚ್ಯಂಕ ಬಳಸಿದ 198 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಮೂರರಲ್ಲಿ ಎರಡಕ್ಕಿಂತ ಹೆಚ್ಚಿನವುಗಳಲ್ಲಿ ಸ್ವಾತಂತ್ರ್ಯ ಹೆಚ್ಚಿದ್ದ ಕಡೆ ಒಳ್ಳೆ ಫಲಿತಾಂಶ: ಬೆಳವಣಿಗೆ, ಜೀವನಮಟ್ಟ ಇತ್ಯಾದಿ. ಕೆಟ್ಟ ಫಲಿತಾಂಶ ಕಂಡಿದ್ದು ಶೇ. 4ಕ್ಕಿಂತ ಕಡಿಮೆ. ಉಳಿದವು ಮಿಶ್ರ.

ಬಿಡದಿ ಬಸವರಾಜು

ಲಾಸನ್ ಅವರೇ ಆ ಸೂಚ್ಯಂಕ ಮಾಡುವ ತಂಡದವರು, ಅದನ್ನೂ ಹೇಳಬೇಕಲ್ವಾ ಸುಮಾ ಅವರೇ?

ಇನ್ನೂ ಇದೆ. ಸಿಂಗಪುರ ಈ ಪಟ್ಟಿಯಲ್ಲಿ ಯಾವಾಗಲೂ ತುದಿಯಲ್ಲಿ. ಆದರೆ ಅಲ್ಲಿ ಹತ್ತರಲ್ಲಿ ಎಂಟು ಜನದಷ್ಟು ಸರ್ಕಾರ ಕಟ್ಟಿಸಿದ ಮನೆಗಳಲ್ಲೇ ಇದ್ದಾರೆ, ಬಹುಪಾಲು ನೆಲ ಸರ್ಕಾರದ್ದು. ಚೀನಾ ಅಂಕ ಕಡಿಮೆ, ಬೆಳೆದದ್ದು ಹೇಗೆ ಅಂತ ಲೋಕವೇ ನೋಡಿದೆ. ಮತ್ತೆ ಮೊದಲ ಭಾಗದಲ್ಲಿ ಸರ್ಕಾರ ಖರ್ಚು ಮಾಡಿದಷ್ಟೂ ಅಂಕ ಇಳಿಯುತ್ತೆ. ಅಂದರೆ ನಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗೆ ಇನ್ನೊಬ್ಬ ಡಾಕ್ಟರ್ ಹಾಕಿದರೆ ನನ್ನ ಸ್ವಾತಂತ್ರ್ಯ ಕಡಿಮೆ ಆಯ್ತು ಅಂತ ಲೆಕ್ಕ! ಇದನ್ನು ಮಕ್ಕಳಿಗೆ ಹೇಳಿದರೆ ಅವರೇ ಪ್ರಶ್ನೆ ಮಾಡ್ತಾರೆ.

ಮೈಸೂರು ಸುಮ

ಸರಿಯಾದ ಆಕ್ಷೇಪ. ಅದಕ್ಕೇ ಒಟ್ಟು ಅಂಕ ಹೇಳಿ ಬಿಡಬಾರದು, ಭಾಗ ಬಿಡಿಸಿ ತೋರಿಸಬೇಕು. ಡೆನ್ಮಾರ್ಕ್‌ನಂಥ ದೇಶ ಸರ್ಕಾರದ ಗಾತ್ರದಲ್ಲಿ ತೀರಾ ಕಡಿಮೆ ಅಂಕ ಪಡೆದೂ ಕಾನೂನು, ಹಣ, ವ್ಯಾಪಾರದಲ್ಲಿ ಮೇಲಿರೋದರಿಂದ ಒಟ್ಟು ಪಟ್ಟಿಯಲ್ಲೂ ಮೇಲಿರುತ್ತೆ. ತೆರಿಗೆ ಜಾಸ್ತಿ ಇರೋದು ಬೇರೆ, ನಾಳೆ ಅಂಗಡಿ ತೆರೆಯೋಕೆ ಯಾರ ಕಾಲು ಹಿಡಿಯಬೇಕು ಅನ್ನೋದು ಬೇರೆ. ನಮ್ಮ ಮಕ್ಕಳಿಗೆ ಈ ವ್ಯತ್ಯಾಸ ಗೊತ್ತಾದರೆ ಅರ್ಧ ಪಾಠ ಆದ ಹಾಗೆ. ಚೀನಾ ವಿಷಯದಲ್ಲಿ ಮಾತ್ರ ಒಪ್ಪಲ್ಲ. 1978ರ ನಂತರ ಅದು ಬೆಳೆದದ್ದು ನಿಯಂತ್ರಣ ಬಿಗಿ ಮಾಡಿ ಅಲ್ಲ, ಸಡಿಲ ಮಾಡಿ. ಅಂಕದ ಮಟ್ಟಕ್ಕಿಂತ ಅಂಕ ಯಾವ ಕಡೆ ಹೋಗ್ತಿದೆ ಅಂತ ನೋಡಬೇಕು.

ಮೂಡಿಗೆರೆ ತೋಟದವನು

ಮೇಷ್ಟ್ರೇ, ನೀವು ಹಾಸನದವರು. ಉಕ್ಕು, ಸಿಂಗಪುರ ಯಾಕೆ? ಕಾಫಿ ಹೇಳಿ. ನಿಮ್ಮ ತರಗತಿಯಲ್ಲಿ ಸಕಲೇಶಪುರ, ಬೇಲೂರು ಕಡೆಯ ಮಕ್ಕಳು ಇದ್ದೇ ಇರ್ತಾರೆ.

1942ರ ಕಾಫಿ ಕಾಯ್ದೆ ಕೆಳಗೆ ಪೂಲ್ ಪದ್ಧತಿ ಇತ್ತು, ಅಂದರೆ ಎಲ್ಲರ ಕಾಫಿಯನ್ನೂ ಕಾಫಿ ಮಂಡಳಿಯೇ ಒಟ್ಟುಗೂಡಿಸಿ ಮಾರೋದು. ಬೆಳೆದವನು ತನ್ನ ಕಾಫಿಯನ್ನು ತಾನೇ ಮಾರುವ ಹಾಗಿಲ್ಲ. ಮನೆಖರ್ಚಿಗೆ, ಬೀಜಕ್ಕೆ ಅಂತ ಒಂದಿಷ್ಟು ಬಿಟ್ಟು ಉಳಿದದ್ದೆಲ್ಲ ಪೂಲ್‌ಗೆ. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಕೊಟ್ಟರೆ ಗ್ರೇಡು ನೋಡಿ ಪಾಯಿಂಟ್ ಲೆಕ್ಕ ಹಾಕೋರು, ಹಣ ಕಂತುಕಂತಾಗಿ ಬರೋದು. ಒಂದು ಬೆಳೆಯ ಕೊನೆ ಕಂತು ಬರೋ ಹೊತ್ತಿಗೆ ಮುಂದಿನ ಬೆಳೆ ಕಣದಲ್ಲಿ ಒಣಗ್ತಿರೋದು. ನಮ್ಮ ತಂದೆ ಇದಕ್ಕೇ ಒಂದು ಉದ್ದ ಲೆಕ್ಕದ ಪುಸ್ತಕ ಇಟ್ಟಿದ್ದರು. ಎಡಗಡೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು), ಚೆರ್ರಿ (ಹಣ್ಣನ್ನು ಹಾಗೇ ಒಣಗಿಸಿದ್ದು) ಬೇರೆ ಬೇರೆ ಕಾಲಂ, ಬಲಗಡೆ ಕಂತಿನ ತಾರೀಖು. ಚೆನ್ನಾಗಿ ಹಣ್ಣು ಆರಿಸಿ ಕುಯ್ಸಿದವನಿಗೂ ಸುಮಾರಾಗಿ ಮಾಡಿದವನಿಗೂ ದೊಡ್ಡ ವ್ಯತ್ಯಾಸ ಸಿಗ್ತಿರಲಿಲ್ಲ. ಹಾಗಾದರೆ ಗುಣಮಟ್ಟಕ್ಕೆ ಯಾರು ತಲೆ ಕೆಡಿಸ್ಕೊಳ್ತಾರೆ?

1992ರಿಂದ ಹಂತ ಹಂತವಾಗಿ ಬಿಟ್ಟರು, 1996ಕ್ಕೆ ಎಲ್ಲ ಬೆಳೆಗಾರರಿಗೂ ಪೂರ್ತಿ ಮುಕ್ತ. ನಮ್ಮ ಕಾಫಿ ನಮ್ಮದು ಅಂತ ಆಗಿದ್ದು ಆಗ. ಈಗ ನನ್ನ ಪಕ್ಕದ ತೋಟದವರು ತಮ್ಮದೇ ಹೆಸರು ಹಾಕಿ ಪುಡಿ ಮಾರ್ತಾರೆ. ಆರ್ಥಿಕ ಸ್ವಾತಂತ್ರ್ಯ ಅಂದರೇನು ಅಂತ ಕೇಳಿದರೆ ನಾನು ಇದನ್ನೇ ತೋರಿಸ್ತೀನಿ.

ಕೊಡಗಿನ ಕಾವೇರಮ್ಮ

ಅಣ್ಣಾ, ಅರ್ಧ ಕಥೆ ಹೇಳಿದಿರಿ. ಬಿಟ್ಟದ್ದು ಯಾಕೆ? ದೊಡ್ಡ ಖರೀದಿದಾರ ಸೋವಿಯತ್ ಒಕ್ಕೂಟ 1991ರಲ್ಲಿ ಬಿದ್ದುಹೋಯಿತು, ಅದಕ್ಕೂ ಮೊದಲು 1989ರಲ್ಲಿ ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬೇಕು ಅನ್ನೋ ಅಂತರರಾಷ್ಟ್ರೀಯ ಕೋಟಾ ಒಪ್ಪಂದ ಮುರಿಯಿತು. ಪೂಲ್ ನಡೆಯೋ ಸ್ಥಿತಿಯಲ್ಲೇ ಇರಲಿಲ್ಲ. ಬಿಟ್ಟ ಕೂಡಲೇ ಒಳ್ಳೆ ಬೆಲೆ ಬಂದದ್ದೂ ಬ್ರೆಜಿಲ್‌ನಲ್ಲಿ 1994ರಲ್ಲಿ ಇಬ್ಬನಿ ಹೆಪ್ಪುಗಟ್ಟಿ ಬೆಳೆ ಹಾಳಾಗಿದ್ದರಿಂದ. ಆಮೇಲೆ 2001ರ ಹೊತ್ತಿಗೆ ಬೆಲೆ ಪಾತಾಳಕ್ಕೆ ಹೋಯಿತಲ್ಲ, ಆಗ ಸಣ್ಣ ಬೆಳೆಗಾರರ ಗತಿ ಏನಾಯ್ತು? ನಮ್ಮ ಊರಲ್ಲಿ ಸಾಲಕ್ಕೆ ತೋಟ ಮಾರಿದವರಿದ್ದಾರೆ. ಪೂಲ್ ಇದ್ದಾಗ ಹಣ ತಡ ಆಗ್ತಿತ್ತು, ಆದರೆ ಬರ್ತಿತ್ತು.

ಮೂಡಿಗೆರೆ ತೋಟದವನು

ಅಕ್ಕಾ, 2001ರಲ್ಲಿ ನಾವೂ ಸಾಲದಲ್ಲೇ ಇದ್ವಿ. ಲೋಕದ ಬೆಲೆಯೇ ಬಿದ್ದಾಗ ಪೂಲ್ ಇದ್ದಿದ್ದರೂ ದುಡ್ಡು ಎಲ್ಲಿಂದ ತರ್ತಿತ್ತು? ಖಜಾನೆಯಿಂದ ತಾನೇ? ಒಳ್ಳೆ ಬೆಲೆ ಬಂದ ವರ್ಷ ಪೂರ್ತಿ ನನಗೆ ಸಿಕ್ಕಿದರೆ ಕೆಟ್ಟ ವರ್ಷಕ್ಕೆ ನಾನೇ ಎತ್ತಿಡ್ತೀನಿ.

ಕೊಡಗಿನ ಕಾವೇರಮ್ಮ

ನೂರು ಎಕರೆಯವರು ಎತ್ತಿಡಬಹುದು. ಎರಡು ಎಕರೆಯವರು?

ಧಾರವಾಡ ಮಾಸ್ತರ

ಮೇಷ್ಟ್ರ, ಒಂದ್ ಮಾತ್ ಹೇಳ್ತೀನ್ರಿ. ಶೆಣೈ ಒಬ್ಬರs ವಿರೋಧ ಮಾಡಿದ್ರು ಅಂತ ಮಕ್ಕಳಿಗೆ ಹೇಳಿದ್ರ ಸಮಿತಿ ಒಳಗಿನ ಮಾತಾಗಿ ಅದು ಖರೆ. ಆದ್ರ ಹೊರಗೂ ಮಂದಿ ಇದ್ರು. ನಮ್ಮ ಬೆಂಗಳೂರಾಗ ಹುಟ್ಟಿದ ಪಿ. ಆರ್. ಬ್ರಹ್ಮಾನಂದ ಅವರು ಮುಂಬೈ ವಿಶ್ವವಿದ್ಯಾಲಯದಾಗ ಸಿ. ಎನ್. ವಕೀಲರ ಜೋಡಿ ಸೇರಿ 1956ರಾಗ ಮಹಾಲನೋಬಿಸ್ ಮಾದರಿಗೆ ದೊಡ್ಡ ಉತ್ತರಾನs ಬರದಾರ್ರೀ. ಅವರು ಯೋಜನೆನs ಬ್ಯಾಡ ಅನ್ಲಿಲ್ಲ. ಯಂತ್ರಕ್ಕಿಂತ ಮೊದಲ ಕೂಲಿಕಾರ ತಿನ್ನೋ ಜ್ವಾಳ, ಉಡೋ ಬಟ್ಟಿ ಬೆಳಸ್ರಿ, ಅದಿಲ್ಲಂದ್ರ ಕೆಲಸಕ್ಕ ಹಚ್ಚಿದ ಮಂದಿಗೆ ಏನ್ ಕೊಡ್ತೀರಿ ಅಂತ ಕೇಳಿದ್ರು.

ಹಿಂಗಾಗಿ ಮೂರು ಮಂದೀನ ನಿಲ್ಲಸ್ರಿ: ಮಹಾಲನೋಬಿಸ್, ಬ್ರಹ್ಮಾನಂದ, ಶೆಣೈ. ಇಬ್ಬರನ್ನ ನಿಲ್ಲಿಸಿದ್ರ ಜಗಳ ಆಗತೈತಿ, ಮೂರು ಮಂದಿ ನಿಂತ್ರ ವಿಚಾರ ಆಗತೈತಿ.

ಹಾಸನದ ಮೇಷ್ಟ್ರು

ಮಾಸ್ತರ್, ಇದು ಬಹಳ ಉಪಯೋಗದ ಸಲಹೆ. ಮೂರು ಗುಂಪು ಮಾಡಿಬಿಡ್ತೀನಿ. ಕಾಫಿ ಉದಾಹರಣೆಯೂ ಬರುತ್ತೆ, ಕಾವೇರಮ್ಮನವರ ಪ್ರಶ್ನೆಯೂ ಬರುತ್ತೆ.

ಗಾಂಧಿ ಬಜಾರ್

ಫ್ರೀಡ್‌ಮನ್ ಕಳಿಸಿದ್ದಕ್ಕೆ ಶೆಣೈ ಹಾಗೆ ಬರೆದರು ಅಂತ ಎಲ್ಲೋ ಓದಿದ್ದೆ. ಅಮೆರಿಕದ ಕೈ ಇತ್ತಂತಲ್ಲ?

ಕುಡ್ಲದ ಕಾಮತ್

ಇಲ್ಲ ಮಾರಾಯ್ರೆ. ಫ್ರೀಡ್‌ಮನ್ 1955ರಲ್ಲೇ ಭಾರತಕ್ಕೆ ಬಂದು ಸರ್ಕಾರಕ್ಕೆ ಬೇರೆಯೇ ಒಂದು ಟಿಪ್ಪಣಿ ಕೊಟ್ಟದ್ದು ಹೌದು. ಆದರೆ ಶೆಣೈಯವರು ಈ ವಾದವನ್ನು 1930ರ ದಶಕದಿಂದ ಬೆಳೆಸಿಕೊಂಡು ಬಂದವರು. ಮತ್ತೆ ಅಮೆರಿಕ ನೆರವಾಗಿ ಕಳಿಸುತ್ತಿದ್ದ ಪಿಎಲ್–480 ಗೋಧಿಯನ್ನು ಅಷ್ಟು ಕಟುವಾಗಿ ವಿರೋಧಿಸಿದವರೂ ಅವರೇ. ಬಿಟ್ಟಿ ಗೋಧಿ ಬಂದರೆ ನಮ್ಮ ರೈತನಿಗೆ ಬೆಲೆ ಸಿಗುವುದಿಲ್ಲ, ಸರ್ಕಾರಕ್ಕೂ ಬುದ್ಧಿ ಬರುವುದಿಲ್ಲ ಅಂತ. ಅಮೆರಿಕದ ಕೈಗೊಂಬೆ ಹಾಗೆ ಬರೀತಾನಾ?

ರಾಜಾಜಿನಗರ ರಮೇಶ

ಅವರು ಹೇಳಿದ ಹಾಗೇ ಆಯಿತು ಅನ್ನೋದನ್ನ ಮರೀಬೇಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್‌ನಲ್ಲಿ ಕೂಡಿದ್ದ ನಮ್ಮ ಸ್ಟರ್ಲಿಂಗ್ (ಪೌಂಡ್) ಠೇವಣಿ ಎರಡನೇ ಯೋಜನೆಯಲ್ಲಿ ಕರಗಿತು. 1957ರಲ್ಲೇ ವಿದೇಶಿ ವಿನಿಮಯದ ಬಿಕ್ಕಟ್ಟು, 1958ರಲ್ಲಿ ಸಾಲ ಕೊಡುವ ದೇಶಗಳ ಒಕ್ಕೂಟದ ಮುಂದೆ ಕೈಚಾಚಿದೆವು. 1966ರ ಜೂನ್‌ನಲ್ಲಿ ರೂಪಾಯಿ ಅಪಮೌಲ್ಯ: ಡಾಲರ್‌ಗೆ 4.76 ಇದ್ದದ್ದು 7.50. 1991ರಲ್ಲಿ ಚಿನ್ನ ಅಡವು. ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂತ 1955ರಲ್ಲೇ ಹೇಳಿದ್ದರು.

ಜಾಲಹಳ್ಳಿ ಹುಡುಗಿ

1955ರ ಟಿಪ್ಪಣಿಯಿಂದ 1991ಕ್ಕೆ ಒಂದೇ ನೆಗೆತ ನೆಗೆಯಬೇಡಿ. ನಡುವೆ ಮೂರು ಯುದ್ಧ, ಬರ, ಎರಡು ತೈಲ ಬಿಕ್ಕಟ್ಟು ಇವೆ. ಎರಡನೇ ಯೋಜನೆಯ ಬೆಳವಣಿಗೆಯ ಗುರಿ ಶೇ. 4.5, ಸಾಧಿಸಿದ್ದು 4.3ರ ಆಸುಪಾಸು. ಬ್ರಿಟಿಷರ ಕೊನೆಯ ಅರ್ಧ ಶತಮಾನದಲ್ಲಿ ತಲಾ ಆದಾಯ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ಅದರ ಮುಂದೆ ಇಟ್ಟು ನೋಡಿದರೆ ಇದು ಸೋಲು ಅಂತ ಹೇಗೆ ಹೇಳ್ತೀರಿ? ದಕ್ಷಿಣ ಕೊರಿಯಾದಲ್ಲೂ ಸರ್ಕಾರವೇ ಉಕ್ಕಿನ ಕಾರ್ಖಾನೆ ಕಟ್ಟಿತು.

ಮೈಸೂರು ಸುಮ

ಕೊರಿಯಾ ರಫ್ತು ಮಾಡಿ ಗೆಲ್ಲಬೇಕು ಅಂತ ಕಂಪನಿಗಳನ್ನು ಹೊರಗಿನ ಪೈಪೋಟಿಗೆ ದೂಡಿತು. ನಾವು ಗೋಡೆ ಕಟ್ಟಿ ಒಳಗೇ ಇಟ್ಟುಕೊಂಡೆವು. ಮಹಾಲನೋಬಿಸ್ ಮಾದರಿಯಲ್ಲಿ ವಿದೇಶಿ ವ್ಯಾಪಾರಕ್ಕೆ ಜಾಗವೇ ಇರಲಿಲ್ಲ. ಇಬ್ಬರ ವಾದಕ್ಕೂ ಇದು ಮುಖ್ಯ ಕೊಂಡಿ, ಮೇಷ್ಟ್ರು ಗಮನಿಸಿ.

ಇನ್ನೊಂದು: ಶೆಣೈ 1960ರಲ್ಲಿ ಪೂರ್ವ ಮತ್ತು ಪಶ್ಚಿಮ ಬರ್ಲಿನ್ ಹೋಲಿಸಿ ಒಂದು ಲೇಖನ ಬರೆದರು, ಗೋಡೆ ಏಳುವ ಮೊದಲು. ಒಂದೇ ಊರು, ಒಂದೇ ಭಾಷೆ, ಒಂದೇ ಜನ, ಎರಡು ವ್ಯವಸ್ಥೆ. ಪಾಠಕ್ಕೆ ಇದಕ್ಕಿಂತ ಒಳ್ಳೆ ಸಾಮಗ್ರಿ ಸಿಗಲ್ಲ.

ಬಿಡದಿ ಬಸವರಾಜು

ಪಶ್ಚಿಮಕ್ಕೆ ಅಮೆರಿಕದ ಮಾರ್ಷಲ್ ನೆರವು ಬಂತು, ಪೂರ್ವದಿಂದ ಸೋವಿಯತ್‌ನವರು ಯಂತ್ರಗಳನ್ನೇ ಕಳಚಿಕೊಂಡು ಹೋದರು. ಅದನ್ನೂ ಬರೆಸಿ ಮಕ್ಕಳ ಕೈಲಿ.

ತುಮಕೂರು ಟೀಚರ್

ನಾನು ತರಗತಿಯಲ್ಲಿ ಮಾಡಿದ್ದು ಹೇಳ್ತೀನಿ. ಮಕ್ಕಳನ್ನು ಗುಂಪು ಮಾಡಿ ಪ್ರತಿ ಗುಂಪೂ ಕಾಗದದ ಲಕೋಟೆ ತಯಾರಿಸುವ ಕಾರ್ಖಾನೆ ಅಂದೆ. ಒಬ್ಬಳನ್ನು ಮೇಜಿನ ಹಿಂದೆ ಕೂರಿಸಿ ಸೀಲು ಕೊಟ್ಟೆ. ಹತ್ತು ಲಕೋಟೆಗಿಂತ ಹೆಚ್ಚು ಮಾಡಬೇಕಾದರೆ ಅವಳ ಸೀಲು ಬೇಕು, ಸೀಲು ಇಷ್ಟೇ ಅಂತ ಮಿತಿ. ಸ್ವಲ್ಪ ಹೊತ್ತಿನಲ್ಲಿ ಲಕೋಟೆ ಮಡಚೋದು ಬಿಟ್ಟು ಚುರುಕಾದ ಹುಡುಗರೆಲ್ಲ ಮೇಜಿನ ಮುಂದೆ ನಿಂತಿದ್ದರು. ಒಬ್ಬ ಚಾಕೊಲೇಟ್ ಕೊಟ್ಟ! ಇನ್ನೊಂದು ಗುಂಪು ಸಿಕ್ಕಷ್ಟೂ ಸೀಲು ಹಾಕಿಸಿಕೊಂಡು ಲಕೋಟೆ ಮಾಡಲೇ ಇಲ್ಲ. ಯಾಕೋ ಅಂದರೆ, "ಮಿಸ್, ಅವರು ಮಾಡಬಾರದು ಅಂತ" ಅಂದ.

ಆಮೇಲೆ ಕೈಗಾರಿಕಾ ಪರವಾನಗಿ (ಲೈಸೆನ್ಸ್) ಬಗ್ಗೆ ಅರ್ಥಶಾಸ್ತ್ರಜ್ಞ ಆರ್. ಕೆ. ಹಜಾರಿ ಸರ್ಕಾರಕ್ಕೆ ಕೊಟ್ಟ ವರದಿಯ ವಿಷಯ ಹೇಳಿದೆ. ದೊಡ್ಡ ಮನೆತನಗಳು ಲೈಸೆನ್ಸ್ ಹಿಡಿದಿಟ್ಟುಕೊಂಡು ಬೇರೆಯವರ ದಾರಿ ಕಟ್ಟಿದ್ದನ್ನು 1960ರ ದಶಕದಲ್ಲೇ ಅವರು ತೋರಿಸಿದ್ದರು. ಮಕ್ಕಳಿಗೆ ವಿವರಿಸೋದೇ ಬೇಕಾಗಲಿಲ್ಲ.

ಬಿಡದಿ ಬಸವರಾಜು

ಟೀಚರ್, ಆಟ ಚೆನ್ನಾಗಿದೆ. ಆದರೆ ಲೈಸೆನ್ಸೇ ಸೋಲುವ ಹಾಗೆ ಕಟ್ಟಿದ ಆಟ. ಎರಡನೇ ಸುತ್ತು ಸೀಲಿಲ್ಲದೆ ಆಡಿಸಿ. ದುಡ್ಡಿರುವ ಒಂದು ಗುಂಪು ಕಾಗದವನ್ನೆಲ್ಲ ಕೊಂಡುಕೊಳ್ಳಲಿ. ಆಗ ಉಳಿದವರಿಗೆ ಏನು ಸ್ವಾತಂತ್ರ್ಯ ಇದೆ ಅಂತ ಕೇಳಿ.

ತುಮಕೂರು ಟೀಚರ್

ಆಡಿಸ್ತೀನಿ. ಜತೆಗೆ ಮೂರನೇ ಸುತ್ತಿನಲ್ಲಿ ಪಕ್ಕದ ತರಗತಿಯಿಂದ ಕಾಗದ ತರೋಕೂ ಬಿಡ್ತೀನಿ. ಆಮದು ಮುಕ್ತ ಆದಾಗ ಆ ಗುಂಪಿನ ಹಿಡಿತ ಎಷ್ಟು ಹೊತ್ತು ಇರುತ್ತೆ ಅಂತಲೂ ನೋಡೋಣ.

ವಕೀಲರು, ದಾವಣಗೆರೆ

ಆಸ್ತಿ ಹಕ್ಕಿನ ಬಗ್ಗೆ ಯಾರೂ ಮಾತಾಡಲಿಲ್ಲ. 1978ರಲ್ಲಿ 44ನೇ ತಿದ್ದುಪಡಿ ಬಂದು ಆಸ್ತಿ ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೋಯಿತು, 300ಎ ವಿಧಿಯ ಸಾಮಾನ್ಯ ಹಕ್ಕಾಗಿ ಉಳಿಯಿತು. ಶೆಣೈ ತೀರಿಕೊಂಡದ್ದೂ ಅದೇ ವರ್ಷ. ನಮ್ಮ ರಾಜ್ಯದಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದರು. ಕೃಷಿಕನಲ್ಲದವನೂ ಕೃಷಿ ಜಮೀನು ಕೊಳ್ಳಬಹುದು ಅಂತ ಆಯ್ತು. ರೈತನಿಗೆ ಮಾರುವ ಸ್ವಾತಂತ್ರ್ಯ ಹೆಚ್ಚಿತಾ, ರೈತನ ಕೈಯಿಂದ ನೆಲ ಜಾರೋ ದಾರಿ ಅಗಲವಾಯಿತಾ? ಮಕ್ಕಳ ಮನೆಯಲ್ಲೇ ಈ ಚರ್ಚೆ ನಡೀತಿರುತ್ತೆ. ಅಲ್ಲಿಂದ ಶುರು ಮಾಡಿ.

ಪ್ರಶ್ನೆಪತ್ರಿಕೆ

ಇದನ್ನು ಎತ್ತಿದರೆ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಗಲಾಟೆ ಗ್ಯಾರಂಟಿ.

ಧಾರವಾಡ ಮಾಸ್ತರ

ಆಗ್ಲಿ ಬಿಡ್ರಿ. ಅಪ್ಪ–ಅವ್ವ ಕೂಡ ಮಾತಾಡ್ಲಿ.

ಕುಡ್ಲದ ಕಾಮತ್

ಶೆಣೈಯವರ ಮಗಳು ಸುಧಾ ಶೆಣೈ ಕೂಡ ಅರ್ಥಶಾಸ್ತ್ರಜ್ಞೆ, ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. 2008ರಲ್ಲಿ ಹೋದರು. ಹೆಣ್ಣುಮಕ್ಕಳ ತರಗತಿಯಲ್ಲಿ ಅವರ ಹೆಸರನ್ನೂ ಹೇಳಿ ಸರ್.

ಹಾಸನದ ಮೇಷ್ಟ್ರು

ಖಂಡಿತ ಕಾಮತರೇ. ಮೂಡಿಗೆರೆಯವರೇ, ನಿಮ್ಮ ತಂದೆಯವರ ಲೆಕ್ಕದ ಪುಸ್ತಕದ ಒಂದೆರಡು ಹಾಳೆ ಫೋಟೊ ತೆಗೆದು ಕಳಿಸ್ತೀರಾ? ಹೆಸರು ಮುಚ್ಚಿಯೇ ತೋರಿಸ್ತೀನಿ. ಕಂತಿನ ತಾರೀಖುಗಳನ್ನು ಮಕ್ಕಳೇ ಲೆಕ್ಕ ಹಾಕಲಿ.

ಮೂಡಿಗೆರೆ ತೋಟದವನು

ಕಳಿಸ್ತೀನಿ ಮೇಷ್ಟ್ರೇ. 1980ರ ದಶಕದ್ದು ಇದೆ, 1996ರ ನಂತರದ್ದೂ ಇದೆ.

ಕೊಡಗಿನ ಕಾವೇರಮ್ಮ

2001ರ ಹಾಳೆಯನ್ನೂ ಕಳಿಸಿ ಅಣ್ಣಾ. ಇಲ್ಲದಿದ್ದರೆ ನನ್ನ ಹತ್ತಿರದ್ದು ಕಳಿಸ್ತೀನಿ, ಎರಡೂವರೆ ಎಕರೆಯ ಲೆಕ್ಕ.